ನೀರಿಗೆ ಕಾವಲುಂಟೆ?

ಖಜಾನೆಗೆ ಕಾವಲಿದೆ, ಸೆರೆಮನೆಗೆ ಕಾವಲಿದೆ, ಚುನಾವಣೆಯ ಕಾಲಕ್ಕೆ ಮತಯಂತ್ರಕ್ಕೂ ಕಾವಲಿದೆ. ಇವೆಲ್ಲ ಇಟ್ಟ ಜಾಗದಲ್ಲಿ ಇರತಕ್ಕವು. ರಾತ್ರಿ ಎಷ್ಟಿದ್ದವೋ ಬೆಳಗಿಗೂ ಅಷ್ಟೇ ಇದ್ದರೆ ಕಾವಲುಗಾರ ತನ್ನ ಕೆಲಸ ಮಾಡಿದನೆಂದು ಲೆಕ್ಕ. ನೀರಿನ ಸಂಗತಿ ಹಾಗಲ್ಲ. ಕಾವಲುಗಾರ ಒಮ್ಮೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಅವನು ಕಾಯುತ್ತಿದ್ದ ನೀರು ಮುಂದೆ ಹೋಗಿಬಿಟ್ಟಿರುತ್ತದೆ. ಅದರ ಜಾಗಕ್ಕೆ ಬೇರೆ ನೀರು ಬಂದಿರುತ್ತದೆ. ಹೋಗುವುದೇ ಅದರ ಧರ್ಮ. ಹೋಗದಂತೆ ಕಾದರೆ ಅದು ಕೊಳೆಯುತ್ತದೆ. ಹೀಗಿರಲಾಗಿ, ನೀರನ್ನು ಕಾಯುವ ಪೋಲೀಸನು ನಿಜವಾಗಿ ಏನನ್ನು ಕಾಯುತ್ತಾನೆ? ಯಾರಿಗಾಗಿ, ಯಾರಿಂದ ಕಾಯುತ್ತಾನೆ? ಈ ಪ್ರಶ್ನೆ ಕೆಲವು ವರ್ಷಗಳಿಂದ ನನ್ನನ್ನು ಬಿಟ್ಟಿಲ್ಲ.

ಸಮುದ್ರದ ಮಾತಾದರೆ ಉತ್ತರ ಸುಲಭ. ಮಂಗಳೂರಿನಿಂದ ಕಾರವಾರದವರೆಗೆ ನಮ್ಮ ಕರಾವಳಿ ಕಾವಲು ಪೋಲೀಸರ 9 ಠಾಣೆಗಳಿವೆ. 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿ ಮಾಡಿದವರು ಸಮುದ್ರದ ದಾರಿಯಿಂದಲೇ ಬಂದರಾದ್ದರಿಂದ, ದೋಣಿಯಲ್ಲಿ ಕುಳಿತು ತೆರೆಗಳ ಮೇಲೆ ತಿರುಗುವ ಆ ಪೋಲೀಸರು ಏತಕ್ಕೆ ಬೇಕೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅವರು ಕಾಯುವುದು ಸಮುದ್ರವನ್ನಲ್ಲ. ಸಮುದ್ರದ ಕಡೆಯಿಂದ ನೆಲವನ್ನು. ಸಮುದ್ರವನ್ನು ಯಾರೂ ಕದ್ದುಕೊಂಡು ಹೋಗಲಾರರು. ಕದಿಯಬಹುದಾದದ್ದು, ತಿರುಗಿಸಬಹುದಾದದ್ದು, ಕೆಡಿಸಬಹುದಾದದ್ದು ಹಳ್ಳದ ನೀರು, ಹೊಳೆಯ ನೀರು. ಅದರ ಕಾವಲನ್ನು ನೋಡಬೇಕಾದರೆ ಕರಾವಳಿಗೆ ಹೋಗಬೇಕಾಗಿಲ್ಲ. ಘಟ್ಟದ ತಲೆಯ ಮೇಲಿನ ಕಣಕುಂಬಿಗೆ ಹೋದರಾಯಿತು.

ಬೆಳಗಾವಿಯಿಂದ ಜಾಂಬೋಟಿಯನ್ನು ದಾಟಿ, ಚೋರ್ಲಾ ಘಾಟಿನ ಮೂಲಕ ಗೋವೆಗೆ ಇಳಿಯುವ ರಸ್ತೆಯ ಮೇಲೆ ಖಾನಾಪುರ ತಾಲ್ಲೂಕಿನ ಈ ಊರಿದೆ. ಮಾವುಲಿ ದೇವಿಯ ಗುಡಿಯಿದೆ. ಮಲಪ್ರಭೆ ಹುಟ್ಟುವುದು ಇಲ್ಲಿಯೇ. ಇಲ್ಲಿಂದ ಹೊರಟವಳು ಖಾನಾಪುರವನ್ನು ಹಾದು, ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಸಿಕ್ಕಿ, ಐಹೊಳೆ ಪಟ್ಟದಕಲ್ಲುಗಳನ್ನು ಬಳಸಿ, ಸುಮಾರು 300 ಕಿಲೋಮೀಟರು ನಡೆದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ಕಣಕುಂಬಿಯ ಇನ್ನೊಂದು ಮಗ್ಗುಲಲ್ಲಿ ಹುಟ್ಟುವ ಕಳಸಾ ಹಳ್ಳ ಪಶ್ಚಿಮಕ್ಕೆ ಮುಖ ಮಾಡಿ ಮಹಾದಾಯಿಯ ಬಳಗವನ್ನು ಸೇರುತ್ತದೆ. ಗೋವೆಯಲ್ಲಿ ಆ ನದಿಗೆ ಮಾಂಡವಿಯೆಂದು ಹೆಸರು. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳಲ್ಲಿ ಒಂದು ಬಂಗಾಲ ಕೊಲ್ಲಿಯ ಪಾಲು, ಇನ್ನೊಂದು ಅರಬ್ಬೀ ಸಮುದ್ರದ ಪಾಲು. ನಡುವೆ ಇರುವುದು ಒಂದು ದಿಣ್ಣೆ ಮಾತ್ರ.

ಆ ದಿಣ್ಣೆಯನ್ನು ಕಡಿದು ಕಳಸೆಯ ನೀರನ್ನು ಮಲಪ್ರಭೆಗೆ ತರಬೇಕೆಂಬುದು ನಮ್ಮ ರಾಜ್ಯದ ಬಹುದಿನದ ಬಯಕೆ. ಹುಬ್ಬಳ್ಳಿ ಧಾರವಾಡದ ನಲ್ಲಿಗಳಿಗೂ ಗದಗಿನ ಕಡೆಯ ಊರುಗಳಿಗೂ ನೀರು ಸಾಲದು, ನವಿಲುತೀರ್ಥದ ಜಲಾಶಯ ತುಂಬುವ ವರ್ಷಕ್ಕಿಂತ ತುಂಬದ ವರ್ಷಗಳೇ ಹೆಚ್ಚು ಎಂಬುದು ನಮ್ಮ ವಾದ. ನಮ್ಮ ನದಿ ಬತ್ತಿದರೆ ಕಾಡೂ ಬತ್ತುತ್ತದೆ, ಉಪ್ಪುನೀರು ಒಳಕ್ಕೆ ನುಗ್ಗುತ್ತದೆ ಎಂಬುದು ಗೋವೆಯ ವಾದ. 2002ರಲ್ಲಿ 7.56 ಟಿ.ಎಂ.ಸಿ. ನೀರಿಗೆ ಕೇಂದ್ರದ ತಾತ್ವಿಕ ಒಪ್ಪಿಗೆ ಬಂತು. ಅದೇ ವರ್ಷ ಅದನ್ನು ತಡೆಹಿಡಿಯಲಾಯಿತು. 2006ರಲ್ಲಿ ಕಣಕುಂಬಿಯಲ್ಲಿ ಕಾಲುವೆಯ ಕೆಲಸ ಮೊದಲಾಯಿತು. 2010ರಲ್ಲಿ ನ್ಯಾಯಮಂಡಳಿ ಬಂತು. ತೀರ್ಪಾಗುವವರೆಗೆ ನೀರನ್ನು ತಿರುಗಿಸುವುದಿಲ್ಲವೆಂದು ನಾವು ಕೊಟ್ಟ ಮಾತಿನ ಗುರುತಾಗಿ ಕಾಲುವೆಗೆ ಅಡ್ಡಗೋಡೆ ಎದ್ದಿತು. 2018ರ ಆಗಸ್ಟ್ 14ರಂದು ತೀರ್ಪು ಬಂದು ಕರ್ನಾಟಕಕ್ಕೆ ಒಟ್ಟು 13.42 ಟಿ.ಎಂ.ಸಿ. ಹಂಚಿಕೆಯಾಯಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಬಹುದಾದದ್ದು 3.9, ಕಳಸೆಯದು 1.72, ಬಂಡೂರಿಯದು 2.18. ಇದಾದ ಮೇಲೂ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತೆಂಬುದು ವಾಚಕರಿಗೆ ಗೊತ್ತೇ ಇದೆ. ವ್ಯಾಜ್ಯದ ಗುಣದೋಷವನ್ನು ತೂಗಲು ನಾನು ಇಲ್ಲಿ ಕುಳಿತಿಲ್ಲ. ಧಾರವಾಡದಲ್ಲಿ ಮಲಪ್ರಭೆಯ ನೀರು ಕುಡಿಯುವ ನನಗೆ ಆ ತಕ್ಕಡಿ ಹಿಡಿಯುವ ಯೋಗ್ಯತೆಯೂ ಇಲ್ಲ.

ಆ ತೀರ್ಪಿಗೆ ಕೆಲವು ತಿಂಗಳು ಮೊದಲು, 2018ರ ಜನವರಿಯ ಕೊನೆಗೆ, ನಾನು ಕಣಕುಂಬಿಗೆ ಹೋಗಿದ್ದೆ. ಗೋವೆಯ ಮಂತ್ರಿಗಳೂ ಅಧಿಕಾರಿಗಳೂ ಒಬ್ಬರ ಹಿಂದೊಬ್ಬರು ಬಂದು ಕಾಲುವೆ ನೋಡಿ ಹೋದ ಕಾಲ ಅದು. ಪತ್ರಿಕೆಗಳಲ್ಲಿ ಕಾವೇರಿದ ಮಾತುಗಳು ಬರುತ್ತಿದ್ದವು. ಅಗೆದ ಕೆಂಪು ಮಣ್ಣಿನ ದಿಬ್ಬದ ಪಕ್ಕದಲ್ಲಿ ಒಂದು ಜೀಪು, ಮರದ ನೆರಳಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಇಬ್ಬರು ಪೇದೆಗಳು. ಹಳ್ಳದಲ್ಲಿ ನೀರೆಂಬುದು ಕಲ್ಲುಗಳ ಸಂದಿಯಲ್ಲಿ ಹುಡುಕಿ ನೋಡಬೇಕಾದಷ್ಟು ಮಾತ್ರ. ಇಬ್ಬರಲ್ಲಿ ಕಿರಿಯವನಿಗೆ ಮಾತು ಬೇಕಾಗಿತ್ತೆಂದು ಕಾಣುತ್ತದೆ. ನೀವು ಇಲ್ಲಿ ನೀರು ಕಾಯುತ್ತೀರೇನೆಂದು ಕೇಳಿದೆ.

“ಕಾಯಾಕ ನೀರು ಎಲ್ಲೈತ್ರೀ ಸರ? ನಾವು ಗ್ವಾಡಿ ಕಾಯಾಕತ್ತೀವಿ” ಎಂದ.

ಊರು ಕೇಳಿದೆ. ನವಲಗುಂದದ ಕಡೆಯವನು. ಮನೆಯಲ್ಲಿ ನಾಲ್ಕು ಎಕರೆ ಹೊಲ, ಮಲಪ್ರಭಾ ಕಾಲುವೆಯ ಕಟ್ಟಕಡೆಗೆ. “ನೀರು ಬಂದ್ರ ಬಂತು, ಇಲ್ಲಂದ್ರ ಇಲ್ರೀ.” ಹಾಗಾದರೆ ಈ ಗೋಡೆ ಕಾಯುವುದು ನಿಮಗೆ ಹೇಗೆನಿಸುತ್ತದೆ ಎಂದು ನಾನು ಕೇಳಬಾರದಿತ್ತೇನೋ, ಕೇಳಿಯೇಬಿಟ್ಟೆ. ಅವನು ಸಿಟ್ಟಾಗಲಿಲ್ಲ. “ಡ್ಯೂಟಿ ರೀ” ಎಂದು ನಕ್ಕ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ, “ಗ್ವಾಡಿ ಕಟ್ಟಿದಾವ್ರೂ ನಾವ, ಕೊಟ್ಟ ಮಾತೂ ನಮ್ಮದ ಅಂತಾರ. ಹಂಗಂದ ಮ್ಯಾಲ ಕಾಯಬೇಕಲ್ರೀ” ಎಂದ. ಹಿರಿಯವನು ಕುರ್ಚಿಯಲ್ಲಿ ಮಗ್ಗುಲಾಗಿ ಕುಳಿತು, ಸಾಕು ಮಾಡೆಂಬಂತೆ ಕೆಮ್ಮಿದ.

ಬರುವಾಗ ದಾರಿಯುದ್ದಕ್ಕೂ ನನಗೆ ಅವನ ಉತ್ತರದ್ದೇ ಯೋಚನೆ. ನೀರಿಲ್ಲದ ಕಾಲುವೆಯನ್ನು, ತನ್ನ ಹೊಲಕ್ಕೆ ಬರಬೇಕೆಂದು ತನ್ನ ಊರವರೇ ಧರಣಿ ಕುಳಿತ ನೀರಿನ ಕಾಲುವೆಯನ್ನು, ಒಬ್ಬ ರೈತನ ಮಗ ಖಾಕಿ ತೊಟ್ಟು ಕಾಯುತ್ತಿದ್ದಾನೆ. ಇದನ್ನು ನೋಡಿ ನಗಬಹುದು. ಆದರೆ ಅವನು ಕಾಯುತ್ತಿದ್ದದ್ದು ಒಂದು ಮಾತನ್ನು. ಮಾತು ಕೊಟ್ಟವರು ದೊಡ್ಡವರು, ದೂರದಲ್ಲಿದ್ದರು. ಅದರ ಭಾರ ಹೊತ್ತವನು ಇವನು. ತನ್ನ ಲಾಭಕ್ಕೆ ವಿರುದ್ಧವಾದ ಮಾತನ್ನು ಕಾಯುವವನಿಗೆ ನಾವು ಕತೆ ಪುರಾಣಗಳಲ್ಲಿ ಕೈಮುಗಿಯುತ್ತೇವೆ. ಜೀಪಿನ ಪಕ್ಕದಲ್ಲಿ ಕುಳಿತಿದ್ದರೆ ಗಮನಿಸುವುದಿಲ್ಲ.

ಇಷ್ಟು ಹೇಳಿ ಸುಮ್ಮನಾದರೆ ಅದು ಅರ್ಧ ಸತ್ಯವಾದೀತು. ಇದೇ ಖಾಕಿ ಇದೇ ನೀರಿನ ಹೆಸರಿನಲ್ಲಿ ಬೇರೆ ಕೆಲಸವನ್ನೂ ಮಾಡಿದೆ. 2016ರ ಜುಲೈ 27ರಂದು ನ್ಯಾಯಮಂಡಳಿ ನಮ್ಮ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ನರಗುಂದ ನವಲಗುಂದಗಳು ಹೊತ್ತಿಕೊಂಡವು. ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೋಲೀಸರು ಮನೆಗಳಿಗೆ ನುಗ್ಗಿ ಹೆಂಗಸರು ಮುದುಕರೆನ್ನದೆ ಹೊಡೆದರೆಂಬ ಕೂಗು ನಾಡಿಗೆಲ್ಲ ಕೇಳಿಸಿತು. ಅದಕ್ಕೂ ಹಿಂದೆ, 1980ರ ಜುಲೈ 21ರಂದು, ಅದೇ ಊರುಗಳಲ್ಲಿ ಮಲಪ್ರಭಾ ಕಾಲುವೆಯ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ಆ ದಿನ ರೈತರೂ ಸತ್ತರು, ಪೋಲೀಸರೂ ಸತ್ತರು. ನೀರು ಬರಲೇ ಇಲ್ಲದ ಹೊಲಕ್ಕೂ ನೀರಿನ ಕರ ಬಂದಿತ್ತೆಂಬುದು ರೈತರ ದೂರು. ಕಣಕುಂಬಿಯ ಗೋಡೆಯ ಬಳಿ ಕುಳಿತ ಪೇದೆಯೂ ಯಮನೂರಿನಲ್ಲಿ ಲಾಠಿ ಬೀಸಿದವನೂ ಒಂದೇ ಸಮವಸ್ತ್ರದವರು. ಒಂದು ವೇಳೆ ಒಬ್ಬನೇ ಆಗಿದ್ದರೂ ಆಶ್ಚರ್ಯವಿಲ್ಲ. ಹಾಗಾದರೆ ಒಂದು ಕಡೆ ಅವನ ಕಾವಲು ಗೌರವಕ್ಕೆ ಯೋಗ್ಯವಾಗಿಯೂ ಇನ್ನೊಂದು ಕಡೆ ಅಸಹ್ಯವಾಗಿಯೂ ಕಾಣುವುದೇಕೆ? ಅಪ್ಪಣೆಯನ್ನು ಪಾಲಿಸಿದ್ದು ಎರಡೂ ಕಡೆ ಉಂಟಷ್ಟೆ. ವ್ಯತ್ಯಾಸವಿರುವುದು, ನನಗೆ ತೋರುವಂತೆ, ಯಾರ ಪಾಲನ್ನು ಕಾಯುತ್ತಿದ್ದಾನೆಂಬುದರಲ್ಲಿ. ಗೋಡೆಯ ಬಳಿ ಅವನು ಅಲ್ಲಿ ಇಲ್ಲದವರ ಪಾಲನ್ನು ಕಾಯುತ್ತಿದ್ದ, ಘಟ್ಟದ ಕೆಳಗಿನವರದನ್ನು, ಅವರ ಮುಖವನ್ನೇ ಕಾಣದೆ. ಯಮನೂರಿನಲ್ಲಿ ಯಾರ ಪಾಲನ್ನು ಕಾಯುತ್ತಿದ್ದನೋ ಹೇಳುವುದು ಕಷ್ಟ. ಅಲ್ಲಿ ಅವನ ಕೈಕೆಳಗೆ ಬಿದ್ದವರು ಪಾಲು ಕೇಳಿದವರು, ಅವರ ನೆರೆಯವರು, ಏನೂ ಕೇಳದೆ ಮನೆಯಲ್ಲಿ ಮಲಗಿದ್ದವರು.

ನೀರಿನ ಮೇಲೆ ಪೋಲೀಸರನ್ನು ಮೊದಮೊದಲು ಇಟ್ಟವರು ಇಂಗ್ಲಿಷರು. ಲಂಡನ್ನಿನ ಥೇಮ್ಸ್ ನದಿಯ ದಂಡೆಯ ವ್ಯಾಪಿಂಗಿನಲ್ಲಿ 1798ರ ಜುಲೈಯಲ್ಲಿ ಆ ಠಾಣೆ ತೆರೆಯಿತು. ಪ್ಯಾಟ್ರಿಕ್ ಕೊಲ್ಕ್ವೂನ್, ಜಾನ್ ಹ್ಯಾರಿಯಟ್ ಎಂಬಿಬ್ಬರ ಯೋಜನೆ. ಹಣದ ಬಹುಭಾಗ ವೆಸ್ಟ್ ಇಂಡೀಸಿನ ವರ್ತಕರದು. ಅವರ ಸಕ್ಕರೆ, ರಮ್ಮು ಹಡಗಿನಿಂದ ಕಳುವಾಗುತ್ತಿದ್ದವು. ಕಳ್ಳತನವೆಂದು ಹಿಡಿದದ್ದರಲ್ಲಿ ಒಂದು ಭಾಗ ಕೂಲಿಗಳ ಹಳೆಯ ರೂಢಿಯ ಹಕ್ಕಾಗಿತ್ತು. ಹಡಗು ಬರಿದಾದ ಮೇಲೆ ಉಳಿದ ಕಲ್ಲಿದ್ದಲ ಚೂರನ್ನು ಹೊರುವವನು ಮನೆಗೊಯ್ಯುತ್ತಿದ್ದ. ಅದನ್ನು ಅಪರಾಧವೆಂದದ್ದೇ ತಡ, ಆ ಅಕ್ಟೋಬರಿನಲ್ಲಿ ಕಲ್ಲಿದ್ದಲ ಕೂಲಿಗಳು ಠಾಣೆಯ ಮೇಲೆ ಬಿದ್ದರು, ಪ್ರಾಣಹಾನಿಯಾಯಿತು. 1800ರಲ್ಲಿ ಪಾರ್ಲಿಮೆಂಟು ಶಾಸನ ಮಾಡಿ ಆ ಪಡೆಯನ್ನು ಸರಕಾರದ್ದಾಗಿ ಮಾಡಿಕೊಂಡಿತು. ಅವರ ಕಾವಲು ಚೆನ್ನಾಗಿಯೇ ನಡೆದಿರಬೇಕು, ಸರಕುಗಳು ಉಳಿದವು. ನದಿಯೋ? 1858ರ ಬೇಸಗೆಯಲ್ಲಿ ಥೇಮ್ಸ್ ನಾರಿದ ನಾತಕ್ಕೆ ಪಾರ್ಲಿಮೆಂಟಿನ ಸಭೆಯಲ್ಲಿ ಕುಳಿತುಕೊಳ್ಳಲಾಗದೆ ಸದಸ್ಯರು ಮೂಗುಮುಚ್ಚಿಕೊಂಡರು. ಅರವತ್ತು ವರ್ಷ ಹಗಲುರಾತ್ರಿ ನದಿಯ ಮೇಲೆಯೇ ಇದ್ದ ಪೋಲೀಸರ ಕಣ್ಣೆದುರಿಗೇ ನದಿ ಸತ್ತಿತು. ಅವರ ತಪ್ಪಲ್ಲ. ನದಿಯನ್ನು ಕಾಯಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಮ್ಮಲ್ಲಿ ಬೇರೆ ಬಗೆಯ ಕಾವಲುಗಾರನೊಬ್ಬನಿದ್ದ. ಹಳೆಯ ಮೈಸೂರು ಸೀಮೆಯ ಕೆರೆಗಳ ಕೆಳಗೆ ಅವನಿಗೆ ನೀರುಗಂಟಿಯೆಂದು ಹೆಸರು. ತೂಬು ಎತ್ತುವವನು ಅವನು, ಇಳಿಸುವವನು ಅವನು. ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂಬುದು ಅವನ ಕೈಯಲ್ಲಿ. ಕೂಲಿ ಸುಗ್ಗಿಯ ಕಾಲದ ಆಯದ ರೂಪದಲ್ಲಿ ಎಲ್ಲರ ಕಣದಿಂದಲೂ ಬರುತ್ತಿತ್ತು. ಎಲ್ಲರ ಬೆಳೆಯೂ ಚೆನ್ನಾಗಿದ್ದರೆ ಅವನ ಚೀಲವೂ ತುಂಬುತ್ತಿತ್ತು. ಎಷ್ಟೋ ಊರುಗಳಲ್ಲಿ ಅವನಿಗೆ ಆ ಕೆರೆಯ ಕೆಳಗೆ ಸ್ವಂತ ಗದ್ದೆಯಿರಲಿಲ್ಲ. ಇದನ್ನು ನಾವು ನ್ಯಾಯದ ಉಪಾಯವೆಂದು ಹೊಗಳಬಹುದು. ಸ್ವಂತ ಗದ್ದೆಯಿಲ್ಲದವನಿಗೆ ಪಕ್ಷಪಾತವೆಲ್ಲಿಯದು? ಆದರೆ ಹೊಗಳುವ ಮೊದಲು ನೆನೆಯಬೇಕು, ಗದ್ದೆಯಿಲ್ಲದ್ದು ಅವನು ಆರಿಸಿಕೊಂಡ ವ್ರತವಲ್ಲ. ಅವನು ಬಹಳ ಕಡೆ ಊರ ಹೊರಗಿನ ಕೇರಿಯವನು. ಭೂಮಿ ಅವನಿಗೆ ಸಿಗದಂತೆ ನೋಡಿಕೊಂಡವರ ಗದ್ದೆಗೇ ಅವನು ನೀರು ಕಟ್ಟಬೇಕಾಗಿತ್ತು. ಗೌಡನೇ ರಾತ್ರಿ ತೂಬಿಗೆ ಕೈಹಾಕಿದರೆ ಅವನು ಏನು ಮಾಡಿಯಾನು? ಅವನ ಕೈಯಲ್ಲಿ ಗುದ್ದಲಿಯಿತ್ತು, ಲಾಠಿಯಿರಲಿಲ್ಲ. ನಿಷ್ಪಕ್ಷಪಾತವಿದ್ದವನಿಗೆ ಬಲವಿರಲಿಲ್ಲ. ಇಂದು ಬಲವಿರುವವನನ್ನು ನಾವು ನೀರಿನ ಬಳಿ ನಿಲ್ಲಿಸಿದ್ದೇವೆ. ಆದರೆ ಅವನಿಗೆ ಗದ್ದೆಯಿದೆ.

ಗದ್ದೆಯೆಂದರೆ ರಾಜ್ಯ. ನಮ್ಮ ಸಂವಿಧಾನದ ರಾಜ್ಯಪಟ್ಟಿಯಲ್ಲಿ ಪೋಲೀಸ್ ಎಂಬುದು 2ನೆಯ ನಮೂದು, ನೀರು 17ನೆಯದು. ಅಂತರರಾಜ್ಯ ನದಿಗಳ ನಿಯಂತ್ರಣ ಕೇಂದ್ರಪಟ್ಟಿಯಲ್ಲಿದೆ, 1956ರ ಜಲವಿವಾದಗಳ ಕಾನೂನೂ ಇದೆ. ಆದರೆ ಕಟ್ಟೆಯ ಮೇಲೆ ನಿಲ್ಲುವ ಕಾಲುಗಳು ರಾಜ್ಯದವು. ಪರಿಣಾಮವೇನೆಂಬುದನ್ನು 2023ರ ನವೆಂಬರ್ 30ರ ಬೆಳಗಿನ ಜಾವ ನಾಗಾರ್ಜುನಸಾಗರದಲ್ಲಿ ಕಂಡೆವು. ಅಂದು ತೆಲಂಗಾಣದಲ್ಲಿ ಮತದಾನ. ಆಂಧ್ರದ ಪೋಲೀಸರು ಅಣೆಕಟ್ಟಿನ ಅರ್ಧವನ್ನು ತಮ್ಮ ವಶಕ್ಕೆ ತೆಗೆದುಕೊಂಡು ತಮ್ಮ ಕಡೆಯ ಕಾಲುವೆಗೆ ನೀರು ಬಿಡಿಸಿದರು. ತೆಲಂಗಾಣದ ಪೋಲೀಸರು ಎದುರು ನಿಂತರು. ಕೊನೆಗೆ ಕೇಂದ್ರದ ಪಡೆ ಬಂದು ಇಬ್ಬರ ನಡುವೆ ನಿಲ್ಲಬೇಕಾಯಿತು. ಅಲ್ಲಿದ್ದದ್ದು ಕೃಷ್ಣೆಯ ನೀರು. ಕಣಕುಂಬಿಯ ಗುಡಿಯ ಬಳಿ ಹುಟ್ಟಿದ ಹನಿಯ ಮುಂದಿನ ದಾರಿಯೂ ಅದೇ ಎಂಬುದನ್ನು ಮರೆಯಬಾರದು. 2025ರ ಮೇ ತಿಂಗಳಲ್ಲಿ ಪಂಜಾಬಿನ ಪೋಲೀಸರು ನಂಗಲ್ ಅಣೆಕಟ್ಟಿನಲ್ಲಿ ನಿಂತು ಹರಿಯಾಣಕ್ಕೆ ಹೆಚ್ಚಿನ ನೀರು ಹೋಗದಂತೆ ನೋಡಿಕೊಂಡರು. ಅಣೆಕಟ್ಟಿನ ಕೆಲಸದಲ್ಲಿ ಕೈಹಾಕಬೇಡಿರೆಂದು ಉಚ್ಚ ನ್ಯಾಯಾಲಯ ಅವರಿಗೆ ಹೇಳಬೇಕಾಯಿತು. ಪೋಲೀಸನು ಕಾನೂನಿನ ಕಡೆಯವನು ಎಂಬುದು ನಮ್ಮ ನಂಬಿಕೆ. ಈ ಎರಡು ಕಡೆಗಳಲ್ಲಿ ಅವನು ಒಂದು ದಂಡೆಯ ಕಡೆಯವನಾಗಿದ್ದ. ದಂಡೆಯ ಕಡೆಯವನಾದ ಮೇಲೆ ಅವನನ್ನು ಸೈನಿಕನೆನ್ನಬಹುದು, ಪೋಲೀಸನೆನ್ನುವುದು ಕಷ್ಟ.

ಮಹಾದಾಯಿಯ ಮೇಲ್ವಿಚಾರಣೆಗಾಗಿ 2023ರಲ್ಲಿ ಕೇಂದ್ರ ಸರಕಾರ ಒಂದು ಪ್ರಾಧಿಕಾರವನ್ನು ರಚಿಸಿತು. ಇಂಗ್ಲಿಷಿನ ಅಕ್ಷರಗಳನ್ನು ಜೋಡಿಸಿ ಅದಕ್ಕೆ ‘ಪ್ರವಾಹ’ ಎಂದು ಹೆಸರಿಟ್ಟಿದ್ದಾರೆ. (ಹೆಸರಿಟ್ಟವರು 2019ರ ಆಗಸ್ಟಿನಲ್ಲಿ ಮಲಪ್ರಭೆಯ ದಂಡೆಯಲ್ಲಿ ಇದ್ದಿರಲಾರರು, ನಮ್ಮ ಕಡೆ ಪ್ರವಾಹವೆಂದರೆ ಮನೆ ಬೀಳುವುದು.) ಅದರ ಸದಸ್ಯರು 2024ರ ಜುಲೈಯಲ್ಲಿ ಕಣಕುಂಬಿಗೂ ಬಂದು ನೋಡಿ ಹೋದರು. ಯಾರೊಬ್ಬರ ಗದ್ದೆಯೂ ಅಲ್ಲದ ಕಾವಲು ಬೇಕೆಂಬ ಆಸೆ ಅದರ ಹಿಂದಿದೆ. ಆಸೆ ಸರಿಯಾದದ್ದೇ.

ಆದರೆ ರಾಜ್ಯಗಳ ವ್ಯಾಜ್ಯವನ್ನೇ ಹಿಡಿದುಕೊಂಡು ಕುಳಿತರೆ ನಮ್ಮ ಮನೆಯ ಬಾಗಿಲು ಮರೆತುಹೋಗುತ್ತದೆ. ಕೆಳಗಿನವರ ಪಾಲನ್ನು ಮೇಲಿನವರಿಂದ ಕಾಯುವವನೇ ನೀರಿನ ಕಾವಲುಗಾರ ಎಂದಾದರೆ, ಆ ಮೇಲಿನವರು ಮಹಾರಾಷ್ಟ್ರದವರು ಮಾತ್ರವಲ್ಲ. ಹೊಳೆಯ ದಂಡೆಯಲ್ಲಿರುವ ಪ್ರತಿಯೊಂದು ಊರೂ ಮುಂದಿನ ಊರಿಗೆ ಮೇಲಿನದೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಕೊಟ್ಟ ಪಟ್ಟಿಯಲ್ಲಿ ಕರ್ನಾಟಕದ 17 ನದೀಭಾಗಗಳು ಕಲುಷಿತವೆಂದು ಹೆಸರಿಸಲ್ಪಟ್ಟಿದ್ದವು. ಖಾನಾಪುರದಿಂದ ರಾಮದುರ್ಗದವರೆಗಿನ ಮಲಪ್ರಭೆ ಅವುಗಳಲ್ಲೊಂದು. ಕಣಕುಂಬಿಯಲ್ಲಿ ತೀರ್ಥವೆಂದು ಕೈಯೊಡ್ಡಿ ಕುಡಿದ ನೀರು ತನ್ನ ತಾಲ್ಲೂಕಿನ ಪೇಟೆಯನ್ನು ದಾಟುವುದರೊಳಗೆ ಹೀಗಾಗುತ್ತದೆ. ಇದರಲ್ಲಿ ಹೊರಗಿನವರ ಕೈಯಿಲ್ಲ. ಕಣಕುಂಬಿಯ ಗೋಡೆಗೆ ಜೀಪು ಕಳಿಸಿದ ನಾವು ಈ ದಾರಿಯಲ್ಲಿ ಒಂದು ಕುರ್ಚಿಯನ್ನೂ ಹಾಕಿಲ್ಲ. ಮರಳಿನ ಕಡೆಗೆ ಒಂದಿಷ್ಟು ಕಾವಲಿದೆ, ಅದರ ಬೆಲೆಯನ್ನೂ ಕಂಡಿದ್ದೇವೆ: 2023ರ ಜೂನ್‌ನಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳು ತುಂಬಿದ ಟ್ರ್ಯಾಕ್ಟರನ್ನು ತಡೆಯಹೋದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಅದರ ಗಾಲಿಗೆ ಸಿಕ್ಕಿ ಸತ್ತರು. ಭೀಮೆಯ ಮರಳನ್ನು ಕಾಯಹೋದವರು ಅವರು. ಆ ಮರಳು ಎಲ್ಲಿಗೆ ಹೋಗುತ್ತಿತ್ತು? ನಮ್ಮಂಥವರು ಕಟ್ಟಿಸುವ ಮನೆಗಳಿಗೆ. ಗಾರೆ ಕಲೆಸುವಾಗ ಮರಳು ಎಲ್ಲಿಯದೆಂದು ಕೇಳಿದ ಮನೆಯ ಯಜಮಾನನನ್ನು ನಾನಂತೂ ಕಂಡಿಲ್ಲ.

ನಮ್ಮ ಓಣಿಯಲ್ಲಿ ನಿವೃತ್ತ ಪೋಲೀಸ್ ಅಧಿಕಾರಿಯೊಬ್ಬರಿದ್ದಾರೆ. ಈ ವಿಚಾರಗಳನ್ನೆಲ್ಲ ಒಂದು ಸಂಜೆ ಅವರ ಮುಂದೆ ಹೇಳಿದೆ. ಅವರು ಕೊನೆಯವರೆಗೂ ಕೇಳಿ, “ಎಲ್ಲಿ ನಿಲ್ಲು ಅಂದ್ರ ಅಲ್ಲಿ ನಿಲ್ಲವ್ರು ನಾವು. ನಿಮ್ಮ ಮನೀ ಗಟಾರದ ಬಾಯಿಗೆ ನಿಲ್ಲು ಅಂದ್ರೂ ನಿಲ್ತಿದ್ದೆ ರೀ. ಆದ್ರ ಮೊದಲನೇ ಅರ್ಜಿ ನನ್ನ ಮ್ಯಾಲ ನೀವ ಬರೀತಿದ್ರಿ” ಎಂದರು. ನಾನು ಇಲ್ಲವೆನ್ನಲಿಲ್ಲ. ಒಳಗಿನಿಂದ ಅವರ ಮನೆಯವರು ಚಹಾ ತಂದಿಟ್ಟು, ನಾಳೆಗಾದರೂ ನಲ್ಲಿ ಬರುವುದುಂಟೋ ಎಂದು ವಿಚಾರಿಸಿದರು. ಅಂದಿಗೆ ಆರನೆಯ ದಿನ. ಯಜಮಾನರು ಎದ್ದು ಟಾಕಿಯ ಮುಚ್ಚಳ ತೆಗೆದು ನೋಡಿ ಬಂದರು.